ತೆರೆಯದ ಹಳೆಯ ಕನ್ನಡ ಫೈಲುಗಳು: ಪೇಜ್‌ಮೇಕರ್‌ನಿಂದ ಯೂನಿಕೋಡ್‌ವರೆಗೆ

ಸಹಕಾರ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಮನೆಯ ಹಿರಿಯರು ಡಿಟಿಪಿ ಮಾಡಿಸಿಟ್ಟ ಪುಸ್ತಕ, ನಾಟಕ ತಂಡದ ಕರಪತ್ರ. ಇಂಥ ಎಷ್ಟೋ ಫೈಲುಗಳು ಹಳೆಯ ಸಿಡಿಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಬಿದ್ದಿವೆ. ಎರಡು ಸಲ ಕ್ಲಿಕ್ ಮಾಡಿದರೆ ಯಾವ ಪ್ರೋಗ್ರಾಮಿನಲ್ಲಿ ತೆರೆಯಬೇಕು ಎಂದು ಕಂಪ್ಯೂಟರೇ ನಮ್ಮನ್ನು ಕೇಳುತ್ತದೆ. ಹೇಗೋ ತೆರೆದರೂ ಕನ್ನಡದ ಬದಲು ತಲೆಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದು ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ.

ಹೆಚ್ಚಿನ ಸಲ ಫೈಲ್ ಕೆಟ್ಟಿರುವುದಿಲ್ಲ. ಅದಕ್ಕೆ ಎರಡು ಬೀಗ ಇರುತ್ತವೆ, ಅಷ್ಟೇ. ಮೊದಲನೆಯದು ಪ್ರೋಗ್ರಾಮಿನ ಬೀಗ: ಪುಟ ವಿನ್ಯಾಸದ ಪ್ರೋಗ್ರಾಮಾದ ಪೇಜ್‌ಮೇಕರ್‌ನಲ್ಲಿ ಮಾಡಿದ್ದನ್ನು ವರ್ಡ್ ಓದುವುದಿಲ್ಲ. ಎರಡನೆಯದು ಫಾಂಟಿನ ಬೀಗ: ನುಡಿ, ಬರಹ, ಶ್ರೀಲಿಪಿಯಂಥ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಇಂಗ್ಲಿಷಿನವರಿಗೆ ಮೊದಲ ಬೀಗ ತೆಗೆದರೆ ಕೆಲಸ ಮುಗಿಯಿತು. ನಮಗೆ ಅಲ್ಲಿಗೆ ಅರ್ಧ ದಾರಿ. ಹಾಗಾಗಿ ಒಂದೊಂದಾಗಿ ತೆಗೆಯೋಣ.

ಹೆಜ್ಜೆ 1: ಮೊದಲು ನಕಲು ಮಾಡಿ

ಸಿಡಿಯಲ್ಲಿರುವುದನ್ನು ಹಾಗೇ ತೆರೆಯಲು ಹೋಗಬೇಡಿ. ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಅದರ ಇನ್ನೊಂದು ನಕಲು ತೆಗೆದು, ಆ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ಇಡೀ ಫೋಲ್ಡರ್ ಎಂದಿದ್ದಕ್ಕೆ ಕಾರಣ ಇದೆ. ಪೇಜ್‌ಮೇಕರ್‌ನಲ್ಲಿ ದೊಡ್ಡ ಚಿತ್ರಗಳು ಸಾಮಾನ್ಯವಾಗಿ ಫೈಲಿನ ಒಳಗೆ ಇರುವುದಿಲ್ಲ. ಪಕ್ಕದಲ್ಲಿರುವ .ಟಿಫ್ ಅಥವಾ .ಇಪಿಎಸ್ ಫೈಲಿಗೆ ಬರೀ ಕೊಂಡಿ ಇರುತ್ತದೆ. ಮುಖ್ಯ ಫೈಲ್ ಒಂದನ್ನೇ ತಂದರೆ ಚಿತ್ರಗಳ ಜಾಗದಲ್ಲಿ ಮಸುಕು ಚೌಕ ಸಿಗುತ್ತದೆ. ಜೊತೆಗೆ .ಟಿಟಿಎಫ್ ಎಂಬ ಬಾಲ ಇರುವ ಫೈಲುಗಳಿದ್ದರೆ ಅವು ಫಾಂಟುಗಳು. ಅವನ್ನು ಜೋಪಾನವಾಗಿ ಎತ್ತಿಡಿ. ಕೆಲವೊಮ್ಮೆ ಮುಖ್ಯ ಫೈಲಿಗಿಂತ ಅವೇ ಅಪರೂಪ.

ತೆರೆದ ಮೇಲೆ ‘ಸೇವ್ ಮಾಡಲೇ?’ ಎಂದು ಪ್ರೋಗ್ರಾಮ್ ಕೇಳಿದರೆ ಬೇಡ ಅನ್ನಿ. ಹೊಸ ಆವೃತ್ತಿಯಲ್ಲಿ ಸೇವ್ ಆದ ಫೈಲನ್ನು ಹಳೆಯ ಆವೃತ್ತಿ ಓದದೇ ಹೋಗಬಹುದು. ಬೇಕಾದರೆ ‘ಸೇವ್ ಆಸ್’ ಕೊಟ್ಟು ಬೇರೆ ಹೆಸರಿಡಿ.

ಹೆಜ್ಜೆ 2: ಇದು ಯಾವ ಫೈಲ್ ಎಂದು ಪತ್ತೆ ಮಾಡಿ

ಫೈಲ್ ಹೆಸರಿನ ಬಾಲ ಕಾಣದಿದ್ದರೆ ವಿಂಡೋಸ್ 11ರಲ್ಲಿ ವ್ಯೂ, ಆಮೇಲೆ ಶೋ, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ದುಕೊಳ್ಳಿ. ಕರ್ನಾಟಕದ ಡಿಟಿಪಿ ಅಂಗಡಿಗಳಿಂದ ಬಂದ ಫೈಲುಗಳಲ್ಲಿ ಜಾಸ್ತಿ ಸಿಗುವವು ಇವು:

- .ಪಿಎಂ6, .ಪಿ65, .ಪಿಎಂಡಿ: ಪೇಜ್‌ಮೇಕರ್ 6, 6.5 ಮತ್ತು 7
- .ಸಿಡಿಆರ್: ಕೋರೆಲ್‌ಡ್ರಾ
- .ಬಿಆರ್‌ಎಚ್: ಬರಹ
- .ಪಬ್: ಮೈಕ್ರೋಸಾಫ್ಟ್ ಪಬ್ಲಿಷರ್
- .ಡಬ್ಲ್ಯುಪಿಎಸ್: ಹಳೆಯ ಮೈಕ್ರೋಸಾಫ್ಟ್ ವರ್ಕ್ಸ್, ಇಲ್ಲವೇ ಈಗಿನ ಡಬ್ಲ್ಯುಪಿಎಸ್ ಆಫೀಸ್. ಒಂದೇ ಬಾಲ, ಎರಡು ಬೇರೆ ಬೇರೆ ಪ್ರೋಗ್ರಾಮ್

ಬಾಲವನ್ನು ಪೂರ್ತಿ ನಂಬಬೇಡಿ. ಯಾರಾದರೂ ಹೆಸರು ಬದಲಿಸಿರಬಹುದು, ಇಲ್ಲವೇ ಬಾಲವೇ ಇಲ್ಲದಿರಬಹುದು. ಆಗ ಫೈಲಿನ ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಕೆಲವು ಅಕ್ಷರ ನೋಡಿ. ಉಳಿದದ್ದೆಲ್ಲ ಅರ್ಥವಾಗದ ಗೊಜಲು, ಅದು ಬೇಕಾಗಿಲ್ಲ.

ಶುರುವಿನಲ್ಲಿ ಶೇಕಡಾ ಚಿಹ್ನೆ, ಅದರ ಬೆನ್ನಿಗೆ ‘ಪಿಡಿಎಫ್’ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಪಿಡಿಎಫ್. ‘ಪಿಕೆ’ ಎಂಬ ಎರಡು ಅಕ್ಷರ ಇದ್ದರೆ ಅದು ಜಿಪ್, ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಗಂಟು. ವರ್ಡ್‌ನ .ಡಾಕ್ಸ್, ಲಿಬ್ರೆಆಫೀಸ್‌ನ .ಓಡಿಟಿ, ಇ-ಪುಸ್ತಕದ .ಇಪಬ್ ಇವೆಲ್ಲ ಒಳಗೆ ಜಿಪ್ಪೇ. ಅಂಥ ಫೈಲ್ ತೆರೆಯದಿದ್ದರೆ ನಕಲಿನ ಬಾಲವನ್ನು .ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ. ಕನಿಷ್ಠ ಚಿತ್ರಗಳಾದರೂ ಸಿಗುತ್ತವೆ. ‘ರಿಫ್’ ಎಂಬ ನಾಲ್ಕು ಅಕ್ಷರ ಇದ್ದರೆ ಅದು ಹಳೆಯ ಕೋರೆಲ್ ಆಗಿರಬಹುದು, ವೇವ್ ಆಡಿಯೋ ಆಗಿರಬಹುದು, ಎವಿಐ ವಿಡಿಯೋ ಕೂಡ ಆಗಿರಬಹುದು.

ಹಳೆಯ ವರ್ಡ್, ಎಕ್ಸೆಲ್, ಪಬ್ಲಿಷರ್, ಪೇಜ್‌ಮೇಕರ್ 7 ಎಲ್ಲವೂ ಶುರುವಾಗುವುದು ಒಂದೇ ಗುರುತಿನಿಂದ. ಹಾಗಾಗಿ ಅಲ್ಲಿ ಮೊದಲ ಅಕ್ಷರ ನೋಡಿದರೆ ಸಾಲದು. ಇದಕ್ಕೆಂದೇ ಟ್ರಿಡ್ ಎಂಬ ಸಣ್ಣ ಪ್ರೋಗ್ರಾಮ್ ಇದೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಮಾಡಿದ ಡ್ರಾಯ್ಡ್ ಕೂಡ ಇದೆ. ಎರಡನ್ನೂ ದುಡ್ಡು ಕೊಡದೆ ಬಳಸಬಹುದು. ಒಂದು ಫೋಲ್ಡರಿನಲ್ಲಿ ನೂರಾರು ಫೈಲಿದ್ದರೆ ಡ್ರಾಯ್ಡ್ ಒಳ್ಳೆಯದು, ಎಲ್ಲದರ ಪಟ್ಟಿಯನ್ನೂ ಕೊಡುತ್ತದೆ. ಲಿನಕ್ಸ್ ಬಳಸುವವರಿಗೆ ‘ಫೈಲ್’ ಎಂಬ ಕಮಾಂಡೇ ಸಾಕು.

ಹೆಜ್ಜೆ 3: ನಿಮಗೆ ಬೇಕಾದ್ದು ಏನು?

ಇದನ್ನು ಮೊದಲೇ ತೀರ್ಮಾನಿಸಿದರೆ ಎಷ್ಟೋ ಕೆಲಸ ಉಳಿಯುತ್ತದೆ. ಪುಟ ಹೇಗಿತ್ತೋ ಹಾಗೇ ನೋಡಿದರೆ ಸಾಕು ಅಂದರೆ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿಕೊಂಡರೆ ಆಯಿತು, ಅಕ್ಷರದ ಸಂಕೇತ ಬದಲಿಸುವ ತಂಟೆಯೇ ಇಲ್ಲ. ಒಳಗಿನ ಪಠ್ಯ ಮಾತ್ರ ಬೇಕು, ಹೊಸದಾಗಿ ಪುಸ್ತಕ ಮಾಡಬೇಕು ಅಂದರೆ ವಿನ್ಯಾಸದ ಚಿಂತೆ ಬಿಡಿ, ಪಠ್ಯವನ್ನು ಮಾತ್ರ ಹೊರಗೆ ತನ್ನಿ. ಹಳೆಯ ವಿನ್ಯಾಸವನ್ನೇ ಇಟ್ಟುಕೊಂಡು ತಿದ್ದಬೇಕು ಎನ್ನುವುದೇ ಎಲ್ಲಕ್ಕಿಂತ ಕಷ್ಟ. ಆ ದಾರಿ ಹಿಡಿಯುವ ಮೊದಲು ಎರಡು ಸಲ ಯೋಚಿಸಿ. ನನ್ನ ಕೇಳಿದರೆ ಪಿಡಿಎಫ್ ಒಂದು, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಪಠ್ಯ ಒಂದು, ಎರಡನ್ನೂ ಮಾಡಿಟ್ಟುಕೊಳ್ಳಿ ಅನ್ನುತ್ತೇನೆ.

ಹೆಜ್ಜೆ 4: ಪ್ರೋಗ್ರಾಮಿನ ಬೀಗ

ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿ ತಂದ ಪ್ರೋಗ್ರಾಮ್. 1994ರಲ್ಲಿ ಅಡೋಬಿ ಆ ಕಂಪನಿಯನ್ನು ಕೊಂಡಿತು. ಕೊನೆಯ ದೊಡ್ಡ ಆವೃತ್ತಿ 7 ಬಂದದ್ದು 2001ರಲ್ಲಿ. ಹೊರಗಿನವರು ಯಾವಾಗಲೋ ಬಿಟ್ಟ ಈ ಪ್ರೋಗ್ರಾಮನ್ನು ನಮ್ಮ ಪ್ರೆಸ್‌ಗಳು ಬಹಳ ಕಾಲ ಬಿಡಲಿಲ್ಲ. ಹಳೆಯ ಕನ್ನಡ ಫಾಂಟುಗಳು ಅದರಲ್ಲಿ ತಂಟೆಯಿಲ್ಲದೆ ಕೂರುತ್ತಿದ್ದವು, ಅಲ್ವಾ? ಹಾಗಾಗಿ ನಿಮಗೆ ಸಿಗುವ ಹಳೆಯ ಪುಸ್ತಕ ಪೇಜ್‌ಮೇಕರ್‌ನಲ್ಲೇ ಇರುವ ಸಾಧ್ಯತೆ ಜಾಸ್ತಿ.

ಎಲ್ಲಕ್ಕಿಂತ ಒಳ್ಳೆಯ ದಾರಿ ಪೇಜ್‌ಮೇಕರ್ ಇನ್ನೂ ಇರುವ ಅಂಗಡಿಗೆ ಹೋಗುವುದು. ಇದು ಸೋಮಾರಿತನದ ಸಲಹೆಯಲ್ಲ. ಅಲ್ಲಿ ಪ್ರೋಗ್ರಾಮ್ ಮತ್ತು ಫಾಂಟ್ ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಹೋದಾಗ ಈ ಮೂರು ಕೆಲಸ ಮಾಡಿಸಿಕೊಳ್ಳಿ.

ಒಂದು, ಯುಟಿಲಿಟೀಸ್ ಮೆನುವಿನ ಪ್ಲಗ್-ಇನ್‌ಗಳಲ್ಲಿ ‘ಪಬ್ ಇನ್ಫೋ’ ತೆರೆಯಲು ಹೇಳಿ. ಆ ಫೈಲಿನಲ್ಲಿ ಬಳಸಿದ ಫಾಂಟುಗಳ ಹೆಸರು, ಕೊಂಡಿ ಇರುವ ಚಿತ್ರಗಳು ಎಲ್ಲ ಪಟ್ಟಿಯಾಗಿ ಬರುತ್ತವೆ. ಅದನ್ನು ಬರೆದುಕೊಳ್ಳಿ, ಮುಂದಿನ ಹೆಜ್ಜೆಗೆ ಬೇಕು. ಎರಡು, ಪ್ರಿಂಟರ್ ಆರಿಸುವ ಜಾಗದಲ್ಲಿ ಪಿಡಿಎಫ್ ಪ್ರಿಂಟರ್ ಕೊಟ್ಟು ಎಲ್ಲ ಪುಟಗಳ ಪಿಡಿಎಫ್ ತೆಗೆಸಿ. ಮೂರು, ಟೆಕ್ಸ್ಟ್ ಟೂಲಿನಿಂದ ಲೇಖನದ ಒಳಗೆ ಒಮ್ಮೆ ಕ್ಲಿಕ್ ಮಾಡಿ, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಪಠ್ಯವನ್ನು ವರ್ಡ್ ಓದಬಲ್ಲ ಆರ್‌ಟಿಎಫ್ ಆಗಿ ಹೊರತೆಗೆಸಿ. ಪುಟದಿಂದ ಪುಟಕ್ಕೆ ಹರಿಯುವ ಇಡೀ ಲೇಖನ ಒಂದೇ ಸಲಕ್ಕೆ ಬರುತ್ತದೆ. ಪುಟಪುಟವೂ ಕಾಪಿ ಮಾಡುತ್ತಾ ಕೂರಬೇಕಿಲ್ಲ. ಆದರೆ ಲೇಖನಗಳು ಬೇರೆ ಬೇರೆ ಇದ್ದರೆ ಒಂದೊಂದನ್ನೂ ಬೇರೆಯಾಗಿಯೇ ತೆಗೆಯಬೇಕು.

ಅಂಗಡಿ ಸಿಗಲಿಲ್ಲವೇ? ಲಿಬ್ರೆಆಫೀಸ್ ಹಾಕಿಕೊಳ್ಳಿ. ಉಚಿತ. ಅದರ 4.4ನೇ ಆವೃತ್ತಿಯಿಂದ, ಅಂದರೆ 2015ರಿಂದ, ಪೇಜ್‌ಮೇಕರ್ ಫೈಲುಗಳನ್ನು ತೆರೆಯುವ ಸೌಲಭ್ಯ ಇದೆ. ಫೈಲ್ ಅದರ ‘ಡ್ರಾ’ ವಿಭಾಗದಲ್ಲಿ ತೆರೆದುಕೊಳ್ಳುತ್ತದೆ. ಪುಟ ಹಾಗೇ ಬರುತ್ತದೆ ಎಂದು ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಚಿತ್ರ ಬಿಟ್ಟುಹೋಗಬಹುದು, ಸಾಲುಗಳು ಅತ್ತಿತ್ತ ಸರಿಯಬಹುದು. ಪಠ್ಯ ಸಿಕ್ಕಿದರೆ ಅದೇ ಲಾಭ. ಅಡೋಬಿ ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳು, ಸಿಎಸ್6ರವರೆಗಿನವು, ಪೇಜ್‌ಮೇಕರ್ 6ರಿಂದ ಮುಂದಿನ ಫೈಲುಗಳನ್ನು ತೆರೆಯುತ್ತಿದ್ದವು. ಈಗಿನ ಇನ್‌ಡಿಸೈನ್ ತೆರೆಯುವುದಿಲ್ಲ. ಪರಿಚಯದವರ ಹತ್ತಿರ ಸಿಎಸ್6 ಉಳಿದಿದ್ದರೆ ವಿನ್ಯಾಸ ಉಳಿಸಿಕೊಳ್ಳಲು ಅದೇ ಒಳ್ಳೆಯ ಸೇತುವೆ.

ಕೋರೆಲ್ ಫೈಲುಗಳು ಫ್ಲೆಕ್ಸ್, ಲಗ್ನಪತ್ರಿಕೆ, ಪುಸ್ತಕದ ಮುಖಪುಟ ಮಾಡುವವರಿಂದ ಬರುತ್ತವೆ. ಲಿಬ್ರೆಆಫೀಸ್ ಡ್ರಾ ಮತ್ತು ಇಂಕ್‌ಸ್ಕೇಪ್ ಎರಡೂ ಇವನ್ನು ತಕ್ಕಮಟ್ಟಿಗೆ ಓದುತ್ತವೆ. ಕೋರೆಲ್‌ನಲ್ಲೇ ತೆರೆಯುವುದಾದರೆ ನಿಯಮ ಸರಳ: ಹೊಸ ಆವೃತ್ತಿ ಸಾಮಾನ್ಯವಾಗಿ ಹಳೆಯದನ್ನು ಓದುತ್ತದೆ, ಹಳೆಯದು ಹೊಸದನ್ನು ಓದುವುದಿಲ್ಲ. ಫೈಲ್ ಕೊಟ್ಟವರಿಗೆ ‘ಕೆಳಗಿನ ವರ್ಷನ್‌ಗೆ ಸೇವ್ ಮಾಡಿ ಕೊಡಿ’ ಅನ್ನಿ. ಇಲ್ಲಿ ಒಂದು ತೊಡಕಿದೆ. ಪ್ರೆಸ್‌ಗೆ ಕಳಿಸುವ ಮೊದಲು ಅಕ್ಷರಗಳನ್ನು ‘ಕರ್ವ್ಸ್’ ಮಾಡುವುದು ರೂಢಿ. ಹಾಗೆ ಮಾಡಿದ ಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಕ್ಲಿಕ್ ಮಾಡಿದರೆ ಅಂಚಿನ ತುಂಬ ಚುಕ್ಕಿ ಕಾಣುತ್ತವೆ. ಅದರಿಂದ ಪಠ್ಯ ತೆಗೆಯಲು ಒಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರಿನಿಂದ ಓದಿಸುವುದು) ಒಂದೇ ದಾರಿ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಉಳಿದವನ್ನು ಬೇಗ ಮುಗಿಸೋಣ. ಪಬ್ಲಿಷರ್ ಫೈಲುಗಳು ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆ. ಮೈಕ್ರೋಸಾಫ್ಟ್ 2026ರ ಅಕ್ಟೋಬರ್‌ಗೆ ಪಬ್ಲಿಷರ್ ನಿಲ್ಲಿಸುವುದಾಗಿ ಹೇಳಿದೆ, ಹಾಗಾಗಿ ನಿಮ್ಮಲ್ಲಿ ಇಂಥ ಫೈಲಿದ್ದರೆ ತಡ ಮಾಡದೆ ಪಿಡಿಎಫ್ ಮಾಡಿಕೊಳ್ಳಿ. ಹಳೆಯ ವರ್ಕ್ಸ್ ಫೈಲಿಗೂ ಲಿಬ್ರೆಆಫೀಸೇ. ಬರಹದ .ಬಿಆರ್‌ಎಚ್ ಫೈಲಿಗೆ ಬರಹ ತಂತ್ರಾಂಶವನ್ನೇ ಹಾಕಿಕೊಳ್ಳುವುದು ಸುಲಭ, ಬೇರೆ ಪ್ರಯೋಗ ಸುಮ್ನೆ ಕಾಲಹರಣ. ಮದುವೆಯ ಹಳೆಯ ವಿಸಿಡಿಯಲ್ಲಿ .ಡ್ಯಾಟ್ ಫೈಲ್ ಇದ್ದರೆ ಗಾಬರಿಯಾಗಬೇಡಿ, ಅದು ಎಂಪೆಗ್-1 ವಿಡಿಯೋ. ವಿಎಲ್‌ಸಿ ಪ್ಲೇಯರಿಗೆ ಎಳೆದು ಹಾಕಿದರೆ ಓಡುತ್ತದೆ. ಇಮೇಲಿನ ಜೊತೆ ‘ವಿನ್‌ಮೇಲ್.ಡ್ಯಾಟ್’ ಎಂದು ಬಂದರೆ ಅದು ಬೇರೆಯೇ, ಔಟ್‌ಲುಕ್ ಕಟ್ಟಿದ ಪೊಟ್ಟಣ. ಕಳಿಸಿದವರಿಗೆ ಪ್ಲೇನ್ ಟೆಕ್ಸ್ಟ್ ಅಥವಾ ಎಚ್‌ಟಿಎಂಎಲ್ ಆಗಿ ಮತ್ತೆ ಕಳಿಸಿ ಅನ್ನುವುದು ಜಾಣತನ. ಟ್ಯಾಲಿಯ ಲೆಕ್ಕಗಳು ಒಂದೇ ಫೈಲಿನಲ್ಲಿ ಇರುವುದಿಲ್ಲ, ಅಂಕೆಯ ಹೆಸರಿನ ಇಡೀ ಫೋಲ್ಡರೇ ಕಂಪನಿಯ ಡೇಟಾ. ಅದರಿಂದ ಒಂದು ಫೈಲ್ ಎತ್ತಿಕೊಂಡು ಬಂದರೆ ಪ್ರಯೋಜನವಿಲ್ಲ. ಫೋಲ್ಡರ್ ಪೂರ್ತಿ ತಂದು ಟ್ಯಾಲಿಯಲ್ಲೇ ತೆರೆದು, ಬೇಕಾದ ವರದಿಯನ್ನು ಎಕ್ಸೆಲ್‌ಗೆ ಕಳಿಸಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ‘ಯಾವ ಫೈಲಾದರೂ ಬದಲಿಸಿ ಕೊಡುತ್ತೇವೆ’ ಎನ್ನುವ ಉಚಿತ ವೆಬ್‌ಸೈಟುಗಳು ಬೇಕಾದಷ್ಟಿವೆ. ಕ್ರಯಪತ್ರ, ಬ್ಯಾಂಕ್ ಕಾಗದ, ಆಧಾರ್ ಇರುವ ಯಾವುದನ್ನೂ ಅಲ್ಲಿ ಏರಿಸಬೇಡಿ. ಇಂಥ ಕೆಲವು ತಾಣಗಳು ಬದಲಿಸಿದ ಫೈಲಿನ ಜೊತೆ ವೈರಸ್ ಸೇರಿಸಿ ಕೊಡುತ್ತಿವೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಜನರನ್ನು ಎಚ್ಚರಿಸಿತ್ತು. ಎಲ್ಲಿಂದಲೋ ಸಿಗುವ ಪೇಜ್‌ಮೇಕರ್‌ನ ಕಳ್ಳ ಪ್ರತಿಗೂ ಇದೇ ಮಾತು.

ಹೆಜ್ಜೆ 5: ಫಾಂಟಿನ ಬೀಗ

ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಜಾಗ ಇದೆ. ಆದರೆ ಅದು ನಮ್ಮ ಕಂಪ್ಯೂಟರುಗಳಲ್ಲಿ ಸರಿಯಾಗಿ ಮೂಡಲು ಬಹಳ ವರ್ಷ ಬೇಕಾಯಿತು. ಅಲ್ಲಿಯವರೆಗೆ ಒಂದು ಉಪಾಯ ನಡೆಯಿತು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್. ಕಂಪ್ಯೂಟರಿನ ಲೆಕ್ಕಕ್ಕೆ ಅಲ್ಲಿರುವುದು ಪೌಂಡ್ ಚಿಹ್ನೆ, ಕಣ್ಣಿಗೆ ಕಾಣುವುದು ‘ನ’ದ ಆಕಾರ. ಫಾಂಟ್ ಕಳೆದುಹೋದರೆ ಪೌಂಡ್ ಹೊರಗೆ ಬೀಳುತ್ತದೆ. ಹಾಗಾಗಿ ಗೊಜಲಿನಲ್ಲಿ ಪೌಂಡ್ ಚಿಹ್ನೆ ಪದೇ ಪದೇ ಕಂಡರೆ ಅದು ನುಡಿ ಅಥವಾ ಬರಹದ್ದು ಎಂದು ಊಹಿಸಬಹುದು.

ಮೊದಲು ಫಾಂಟಿನ ಹೆಸರು ತಿಳಿದುಕೊಳ್ಳಿ. ವರ್ಡ್ ಫೈಲಾದರೆ ಗೊಜಲಿನ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಇರುತ್ತದೆ. ಪಿಡಿಎಫ್ ಆದರೆ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಎಂಬ ಪಟ್ಟಿ ನೋಡಿ. ‘ನುಡಿ’ ಅಥವಾ ‘ಬಿಆರ್‌ಎಚ್’ ಎಂದು ಶುರುವಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿವಾಸು ಅವರ ಬರಹ ಎರಡಕ್ಕೂ ಒಂದೇ ಪರಿವರ್ತಕ ಸಾಕಾಗುತ್ತದೆ. ‘ಶ್ರೀ’ ಎಂದು ಶುರುವಾದರೆ ಅದು ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ. ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸಿಡ್ಯಾಕ್‌ನ ಐಎಸ್‌ಎಂ ಇವುಗಳ ಸಂಕೇತಗಳೂ ಬೇರೆ ಬೇರೆ. ಅವನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಕನ್ನಡದಲ್ಲೇ ಹೊಸ ಗೊಜಲು ಹುಟ್ಟುತ್ತದೆ. ಇವಕ್ಕೆ ಆಯಾ ತಂತ್ರಾಂಶ ಇಟ್ಟುಕೊಂಡವರನ್ನೇ ಹುಡುಕಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಪಠ್ಯವನ್ನೆಲ್ಲ ಸೆಲೆಕ್ಟ್ ಮಾಡಿ ಫಾಂಟನ್ನು ತುಂಗಾ ಅಥವಾ ನಿರ್ಮಲಾದಂಥ ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಕನ್ನಡ ಬರುವುದಿಲ್ಲ. ಅಕ್ಷರದ ಸಂಕೇತವೇ ಬದಲಾಗಬೇಕು. ಅದಕ್ಕೆ ಪರಿವರ್ತಕ ಬೇಕು. ಕೆಲಸ ಹೀಗೆ ಮಾಡಿ:

1. ಹಳೆಯ ಫಾಂಟ್ ಇದ್ದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ಫೈಲ್ ತೆರೆದು ಕನ್ನಡ ಸರಿಯಾಗಿ ಕಾಣುತ್ತದೆಯೇ ನೋಡಿ.
2. ಕಂಡರೆ ತಕ್ಷಣ ಪಿಡಿಎಫ್ ಮಾಡಿ. ಆಮೇಲೆ ಹೋಲಿಸಿ ನೋಡಲು ಇದೇ ಮೂಲ ಪ್ರತಿ.
3. ಪಠ್ಯವನ್ನು ಕಾಪಿ ಮಾಡಿ ಆಸ್ಕಿಯಿಂದ (ಹಳೆಯ ಫಾಂಟುಗಳ ಸಂಕೇತಕ್ಕೆ ರೂಢಿಯ ಹೆಸರು) ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಬರಹದ ಜೊತೆಗೇ ಇಂಥದ್ದು ಬರುತ್ತದೆ. ಬ್ರೌಸರಿನಲ್ಲೇ ನಡೆಯುವ, ಮುಕ್ತ ತಂತ್ರಾಂಶದ ಪರಿವರ್ತಕಗಳೂ ಇವೆ.
4. ಬಂದದ್ದನ್ನು ಹೊಸ ಫೈಲಿಗೆ ಪೇಸ್ಟ್ ಮಾಡಿ, ಯೂನಿಕೋಡ್ ಫಾಂಟ್ ಕೊಡಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಮೊದಲು ಒಂದೇ ಒಂದು ಪುಟ ಬದಲಿಸಿ ನೋಡಿ. ಇಡೀ ಪುಸ್ತಕ ಸುರಿದು ಆಮೇಲೆ ತಲೆ ಕೆರೆದುಕೊಳ್ಳುವುದು ಬೇಡ.

ಹಳೆಯ ಪಿಡಿಎಫ್ ಮಾತ್ರ ಉಳಿದಿದ್ದರೂ ಇದೇ ದಾರಿ ಹಿಡಿದು ನೋಡಬಹುದು. ಅದರಿಂದ ಕಾಪಿ ಮಾಡಿದರೆ ಗೊಜಲು ಬರುತ್ತದೆ, ಆ ಗೊಜಲನ್ನೇ ಪರಿವರ್ತಕಕ್ಕೆ ಕೊಡಿ. ಕೆಲವು ಪಿಡಿಎಫ್‌ಗಳಲ್ಲಿ ಫಾಂಟಿನ ಸಂಕೇತ ಇನ್ನೊಮ್ಮೆ ಬದಲಾಗಿರುತ್ತದೆ. ಅಂಥವಕ್ಕೆ ಇದು ಆಗುವುದಿಲ್ಲ.

ಹೆಜ್ಜೆ 6: ತಪ್ಪು ಹುಡುಕಿ

ಯಾವ ಪರಿವರ್ತಕವೂ ನೂರಕ್ಕೆ ನೂರು ಸರಿ ಮಾಡುವುದಿಲ್ಲ. ಆದರೆ ತಪ್ಪುಗಳು ಎಲ್ಲೆಂದರಲ್ಲಿ ಬರುವುದಿಲ್ಲ, ಕೆಲವು ಗೊತ್ತಾದ ಜಾಗಗಳಲ್ಲಿ ಬರುತ್ತವೆ. ಕಾರಣ ಇಷ್ಟೇ: ಹಳೆಯ ಫಾಂಟುಗಳಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿದೆ, ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿ ಕೂರುತ್ತದೆ. ‘ಸ್ತ್ರೀ’ ಎಂಬುದನ್ನೇ ನೋಡಿ. ನುಡಿಯಲ್ಲಿ ಮೊದಲು ‘ಸಿ’, ಆಮೇಲೆ ತ ಒತ್ತು, ರ ಒತ್ತು, ಕೊನೆಗೆ ದೀರ್ಘ. ಯೂನಿಕೋಡಿನಲ್ಲಿ ಸ, ತ, ರ ಮೂರೂ ಸೇರಿದ ಮೇಲೆ ‘ಈ’ ಸ್ವರ. ಪರಿವರ್ತಕ ಇದನ್ನೆಲ್ಲ ಕಲಸಿ ಮತ್ತೆ ಜೋಡಿಸಬೇಕು.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಅರ್ಕಾವೊತ್ತು. ‘ಧರ್ಮ’ವನ್ನು ಅರ್ಕಾವೊತ್ತಿನಲ್ಲಿ ಟೈಪ್ ಮಾಡಿದ್ದರೆ ಆ ಗುರುತು ‘ಮ’ ಆದ ಮೇಲೆ ಇರುತ್ತದೆ, ಅದನ್ನು ಎತ್ತಿ ‘ಮ’ಕ್ಕಿಂತ ಮೊದಲು ಇಡಬೇಕು. ಹಾಗಾಗಿ ಬದಲಿಸಿದ ಫೈಲಿನಲ್ಲಿ ಕರ್ನಾಟಕ, ವರ್ಷ, ಕಾರ್ಯ, ಅರ್ಥ ಇಂಥ ಪದಗಳನ್ನು ಮೊದಲು ಹುಡುಕಿ ನೋಡಿ. ಅವು ಸರಿ ಇದ್ದರೆ ಪರಿವರ್ತಕ ನಂಬಿಕೆಗೆ ಯೋಗ್ಯ. ಆಮೇಲೆ ರಾಷ್ಟ್ರ, ಶಾಸ್ತ್ರದಂಥ ಎರಡು ಒತ್ತಿನ ಪದಗಳು. ಆಮೇಲೆ ‘ಸಾಫ್ಟ್‌ವೇರ್’ನಂಥವು. ಇಲ್ಲಿ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಬೇಕು, ಇಲ್ಲದಿದ್ದರೆ ‘ವೇ’ ಹೋಗಿ ಕೆಳಗೆ ಒತ್ತಾಗಿ ಅಂಟಿಕೊಳ್ಳುತ್ತದೆ.

ಇಂಗ್ಲಿಷ್ ಪದಗಳು ಇನ್ನೊಂದು ತಲೆನೋವು. ಪೇಸ್ಟ್ ಮಾಡಿದ ಪಠ್ಯದಲ್ಲಿ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ಪರಿವರ್ತಕಕ್ಕೆ ಗೊತ್ತಾಗುವುದಿಲ್ಲ. ಇಮೇಲ್ ವಿಳಾಸ, ಡಿಗ್ರಿಯ ಹೆಸರು ಎಲ್ಲ ವಿಚಿತ್ರ ಕನ್ನಡವಾಗುತ್ತವೆ. ಬದಲಿಸುವ ಮೊದಲೇ ವರ್ಡ್‌ನ ಅಡ್ವಾನ್ಸ್ಡ್ ಫೈಂಡ್‌ನಲ್ಲಿ ಇಂಗ್ಲಿಷ್ ಫಾಂಟಿನ ಹೆಸರು ಕೊಟ್ಟು ಹುಡುಕಿ, ಸಿಕ್ಕವಕ್ಕೆಲ್ಲ ಕೆಂಪು ಬಣ್ಣ ಹಚ್ಚಿ. ಬದಲಿಸಿದ ಪಠ್ಯದಲ್ಲಿ ಬಣ್ಣ ಉಳಿಯದಿದ್ದರೂ ಪರವಾಗಿಲ್ಲ, ಮೂಲವನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಎಲ್ಲೆಲ್ಲಿ ತಿದ್ದಬೇಕೆಂದು ತಿಳಿಯುತ್ತದೆ.

ಉಳಿಸುವಾಗ

ಪುಟದ ರೂಪಕ್ಕೆ ಪಿಡಿಎಫ್/ಎ. ಫಾಂಟುಗಳನ್ನು ಒಳಗೇ ಇಟ್ಟುಕೊಳ್ಳುವ ಈ ಬಗೆಯ ಪಿಡಿಎಫ್ 2005ರಿಂದ ಐಎಸ್‌ಒ ಮಾನಕ. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ಮಾಡುವಾಗ ಒಂದು ಟಿಕ್ ಹಾಕಿದರೆ ಸಿಗುತ್ತದೆ. ಪಠ್ಯಕ್ಕೆ .ಓಡಿಟಿ ಅಥವಾ .ಡಾಕ್ಸ್, ಜೊತೆಗೆ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ರೂಢಿಯ ಬಗೆ) ಒಂದು ಸಾದಾ .ಟಿಎಕ್ಸ್‌ಟಿ. ಹಳೆಯ ಮೂಲ ಫೈಲನ್ನು ಅಳಿಸಬೇಡಿ, ಅದರ ಫಾಂಟುಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇರಲಿ.

ಏನೂ ಆಗದಿದ್ದರೆ ಒಸಿಆರ್

ಫೈಲ್ ತೆರೆಯಲಿಲ್ಲ, ಫಾಂಟ್ ಸಿಗಲಿಲ್ಲ, ಅಕ್ಷರಗಳು ಕರ್ವ್ಸ್ ಆಗಿವೆ. ಆದರೆ ಅಚ್ಚಾದ ಪ್ರತಿ ಇದೆ, ಇಲ್ಲವೇ ಚಿತ್ರವಾಗಿ ಕಾಣುತ್ತದೆ. ಅಷ್ಟಿದ್ದರೆ ಸಾಕು. 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಗುಟ್ಟಿನ ಕಾಗದವಾದರೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನು ಕನ್ನಡದ ಡೇಟಾ ಫೈಲಿನ ಜೊತೆ ನಿಮ್ಮ ಕಂಪ್ಯೂಟರಿನಲ್ಲೇ ಹಾಕಿಕೊಳ್ಳಿ, ಯಾವುದೂ ಹೊರಗೆ ಹೋಗುವುದಿಲ್ಲ. ಎರಡು ಕಾಲಮ್ ಇರುವ ಪುಟವನ್ನು ಮೊದಲೇ ಎರಡಾಗಿ ಕತ್ತರಿಸಿ ಕೊಡಿ, ಇಲ್ಲದಿದ್ದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಳ್ಳುತ್ತದೆ. ಬಂದ ಪಠ್ಯದಲ್ಲಿ ‘ಪ’ ಮತ್ತು ‘ಷ’, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಅದಲು ಬದಲಾಗಿವೆಯೇ ಎಂದು ನೋಡಿ. ಹೆಸರುಗಳನ್ನೂ ಇಸವಿಗಳನ್ನೂ ಮಾತ್ರ ಮೂಲದ ಎದುರು ಇಟ್ಟು ಒಂದೊಂದಾಗಿ ಓದಿ. ಅವು ತಪ್ಪಾಗಿದ್ದರೂ ಓದುವಾಗ ಸರಿ ಅನ್ನಿಸಿಬಿಡುತ್ತವೆ.